ಮಾದರಿ ರೈಲಿನ ಹಲಗೆಗೆ ತೂತು ಕೊರೆದು ಫೀಡರ್ ತಂತಿ ಜೋಡಿಸುವ ಕ್ರಮ

ಮಾದರಿ ರೈಲಿನ ಎಂಜಿನ್ನಿಗೆ ವಿದ್ಯುತ್ತು ಹಳಿಯ ಮೂಲಕವೇ ಬರಬೇಕು. ಹಳಿಯ ತುಂಡುಗಳನ್ನು ಸೇರಿಸುವ ಜಾಯಿನರ್‌ಗಳು ಹೊಸದರಲ್ಲಿ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಆದರೆ ಕಾರವಾರ, ಅಂಕೋಲಾ, ಕುಮಟಾದಂಥ ಊರುಗಳ ಉಪ್ಪುಗಾಳಿಯಲ್ಲಿ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಒಳಮೈಗೆ ಪೊರೆ ಕಟ್ಟಿ, ಎಂಜಿನ್ನು, ಹಳಿಗೆ ವಿದ್ಯುತ್ತು ಕೊಡುವ ಕಂಟ್ರೋಲರ್‌ನಿಂದ ದೂರ ಹೋದಂತೆಲ್ಲ ಕುಂಟತೊಡಗುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿಲ್ಲದಿದ್ದರೂ ಮಳೆಗಾಲದ ಥಂಡಿ ಅದೇ ಕೆಲಸ ಮಾಡುತ್ತದೆ. (ಶಿರಸಿಗೆ ರೈಲು ಇನ್ನೂ ಬಂದಿಲ್ಲ, ಮೆತ್ತಿಯ ಮೇಲೆ ಹಳಿ ಹಾಸಿಕೊಳ್ಳುವವರಿಗೆ ಅದು ಅಡ್ಡಿಯಲ್ಲ.) ಮೇಲಾಗಿ ಹಳಿಗೆ ಬಳಸುವ ನಿಕ್ಕಲ್ ಸಿಲ್ವರ್ ಲೋಹದ ರೋಧ ತಾಮ್ರದ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಜಾಯಿನರ್ ಇರುವುದು ಹಳಿಯನ್ನು ನೇರಕ್ಕೆ ಹಿಡಿದಿಡಲು ಮಾತ್ರ ಎಂದು ತಿಳಿದು, ಪ್ರತಿ ಹಳಿತುಂಡಿಗೂ ಅದರದೇ ಒಂದು ಜೋಡಿ ಫೀಡರ್ (ಹಲಗೆಯ ಅಡಿಯ ಮುಖ್ಯ ತಂತಿಯಿಂದ ಹಳಿಗೆ ವಿದ್ಯುತ್ತು ತರುವ ಸಣ್ಣ ತಂತಿ) ಕೊಡುವುದು ಒಳ್ಳೆಯದು.

ಫೀಡರ್‌ಗೆ 0.5ರಿಂದ 0.65 ಮಿ.ಮೀ. ದಪ್ಪದ ಒಂಟಿ ಎಳೆಯ ತಾಮ್ರದ ತಂತಿ ಸಾಕು, ಏಕೆಂದರೆ ಅದು ಬಾಗಿಸಿದ ಹಾಗೆಯೇ ನಿಲ್ಲುತ್ತದೆ. ಉದ್ದ ಮಾತ್ರ 30 ಸೆಂ.ಮೀ. ಮೀರಬಾರದು. ಹಲಗೆಯ ಅಡಿಯಲ್ಲಿ ಉದ್ದಕ್ಕೂ ಓಡುವ ಮುಖ್ಯ ತಂತಿ, ಅಂದರೆ ಬಸ್ ತಂತಿ, 1.5 ಚದರ ಮಿ.ಮೀ. ದಪ್ಪದ್ದು, ಕೆಂಪು ಮತ್ತು ಕಪ್ಪು ಎರಡು ಬಣ್ಣದ್ದಿರಲಿ. ಎರಡು ಹಳಿಗಳಲ್ಲಿ ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು ಎಂದು ಮೊದಲೇ ನಿಶ್ಚಯಿಸಿ, ಆಯಾ ಹಳಿಯನ್ನೇ ಅನುಸರಿಸುತ್ತ ಹೋಗಿ, ಎಲ್ಲಿಯೂ ಅದಲುಬದಲು ಮಾಡಬಾರದು. ಹಳಿ ಸುತ್ತು ಹಾಕಿ, ದಿಕ್ಕು ತಿರುಗಿ, ತಾನು ಬಂದ ದಾರಿಯನ್ನೇ ಮತ್ತೆ ಸೇರುವ ಕಡೆ ಮಾತ್ರ ಈ ನಿಯಮ ಶಾರ್ಟ್‌ಗೆ ದಾರಿಯಾಗುವುದರಿಂದ, ಆ ಭಾಗವನ್ನು ಎರಡೂ ತುದಿಯಲ್ಲಿ ಕತ್ತರಿಸಿ ಪ್ರತ್ಯೇಕವಾಗಿ ವೈರಿಂಗ್ ಮಾಡಬೇಕಾಗುತ್ತದೆ.

ತೂತು ಕೊರೆಯುವ ಮೊದಲು ಹಲಗೆಯ ಅಡಿಗೆ ಬಗ್ಗಿ, ಅಡ್ಡಪಟ್ಟಿಗಳು ಎಲ್ಲೆಲ್ಲಿವೆ ಎಂಬುದನ್ನು ನೋಡಿ ಮೇಲ್ಮೈಯಲ್ಲಿ ಪೆನ್ಸಿಲ್ಲಿನಿಂದ ಗುರುತಿಸಿಕೊಳ್ಳಬೇಕು. ತೂತಿನ ಜಾಗ ಎರಡು ಸ್ಲೀಪರ್‌ಗಳ ನಡುವೆ, ಹಳಿಯ ಹೊರಮಗ್ಗುಲಿಗೆ ಅಂಟಿದಂತಿರಲಿ. ಒಳಮಗ್ಗುಲಿನಲ್ಲಿ ಗಾಲಿಯ ಅಂಚು ಬೆಸುಗೆಗೆ ತಾಗುತ್ತದೆ. ದಬ್ಬಣದಿಂದ ಮೊದಲು ಒಂದು ಸಣ್ಣ ಕುಳಿ ಮಾಡಿದರೆ ಬಿಟ್ ಜಾರುವುದಿಲ್ಲ. 2 ಮಿ.ಮೀ. ಬಿಟ್ ಹಾಕಿ, ಡ್ರಿಲ್ಲಿನ ತಲೆ ಹಳಿಗೆ ಬಡಿಯದಂತೆ ಕೊಂಚ ಹೊರಕ್ಕೆ ವಾಲಿಸಿ, ನಿಧಾನದ ವೇಗದಲ್ಲಿ ಕೊರೆಯಬೇಕು. ಅಡಿಯಲ್ಲಿ ಹಳೆಯ ಮರದ ತುಂಡೊಂದನ್ನು ಒತ್ತಿ ಹಿಡಿದರೆ ಪ್ಲೈವುಡ್ಡಿನ ಪದರ ಸಿಬಿರೇಳುವುದಿಲ್ಲ. ಕೊರೆದ ಹೊಟ್ಟನ್ನು ಕೂಡಲೇ ಬ್ರಶ್ಶಿನಿಂದ ಗುಡಿಸಿ ತೆಗೆಯಿರಿ.

ಸೇತುವೆಯ ಮೇಲೆ ತೂತು ಕೊರೆಯುವಂತಿಲ್ಲ. ಕಾರವಾರದ ಕಾಳಿ ಸೇತುವೆಯನ್ನು ಮಾದರಿಯಾಗಿ ಕಟ್ಟುವವರು ಅದರ ಎರಡೂ ದಂಡೆಗಳಲ್ಲಿ ಫೀಡರ್ ಕೊಟ್ಟು, ನಡುವಿನ ಜಾಯಿನರ್‌ಗಳನ್ನು ಬೆಸೆದುಬಿಡಬೇಕು. ಹೊನ್ನಾವರದ ಶರಾವತಿ ರೈಲು ಸೇತುವೆಯನ್ನು ಮಾತ್ರ ಯಾರೂ ಪೂರ್ಣ ಅಳತೆಗೆ ಕಟ್ಟಲಾರರು: 2 ಕಿ.ಮೀ. ಮೀರಿದ ಆ ಸೇತುವೆ 1:87ರ ಎಚ್‌ಒ ಅಳತೆಯಲ್ಲಿಯೂ 23 ಮೀಟರಿಗಿಂತ ಉದ್ದವಾಗುತ್ತದೆ!

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಬೆಸುಗೆ. ಹಳಿಯ ಹೊರಮೈಯನ್ನು ಸಣ್ಣ ಅರದಿಂದ ಹೊಳಪು ಬರುವಷ್ಟು ಉಜ್ಜಿ, ಅಲ್ಲಿಗೂ ತಂತಿಯ ತುದಿಯ 5 ಮಿ.ಮೀ. ಭಾಗಕ್ಕೂ ಬೇರೆಬೇರೆಯಾಗಿ ತೆಳುವಾಗಿ ಸೀಸ ಹಿಡಿಸಬೇಕು. ತಂತಿಯನ್ನು ತೂತಿನಿಂದ ಮೇಲೆ ತಂದು, ತುದಿಯನ್ನು ಕಾಟಕೋನಕ್ಕೆ ಬಾಗಿಸಿ ಹಳಿಗೆ ಒರಗಿಸಿ, ಎರಡೂ ಪಕ್ಕದ ಸ್ಲೀಪರ್‌ಗಳ ಮೇಲೆ ಒದ್ದೆ ಹತ್ತಿ ಇಟ್ಟು, ಚೆನ್ನಾಗಿ ಕಾದ ಸೋಲ್ಡರಿಂಗ್ ಐರನ್ನನ್ನು ಎರಡು ಮೂರು ಸೆಕೆಂಡು ಒತ್ತಿದರೆ ಎರಡು ಕಡೆಯ ಸೀಸವೂ ಕರಗಿ ಒಂದಾಗಿ ಮಿನುಗುತ್ತದೆ. 25 ವ್ಯಾಟಿನ ಐರನ್ನನ್ನು ಹತ್ತು ಸೆಕೆಂಡು ಒತ್ತುವುದಕ್ಕಿಂತ 40 ವ್ಯಾಟಿನದನ್ನು ಕ್ಷಣಕಾಲ ತಾಗಿಸುವುದು ಮೇಲು. ಪ್ಲಾಸ್ಟಿಕ್ ಸ್ಲೀಪರ್ ಕರಗುವುದು ಶಾಖದ ತೀವ್ರತೆಗಿಂತ ಅದು ನಿಂತ ಹೊತ್ತಿನಿಂದ. ತವರ-ಸೀಸ 60/40ರ, ರಾಳದ ತಿರುಳಿರುವ ಬೆಸುಗೆ ತಂತಿಯನ್ನೇ ಬಳಸಿ. ಆಮ್ಲದ ಫ್ಲಕ್ಸ್ ಹಳಿಯನ್ನು ತಿನ್ನುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈ ತೊಳೆಯಬೇಕು.

ಅಡಿಯಲ್ಲಿ ಬಸ್ ತಂತಿಯ ಹೊದಿಕೆಯನ್ನು 2 ಸೆಂ.ಮೀ. ಸುಲಿದು, ಫೀಡರ್ ಅನ್ನು ಬಿಗಿಯಾಗಿ ಸುತ್ತಿ ಬೆಸೆಯಬೇಕು. ಸಾಧ್ಯವಿದ್ದರೆ ಹಲಗೆಯನ್ನೇ ಮಗ್ಗುಲಿಗೆ ನಿಲ್ಲಿಸಿಕೊಳ್ಳಿ. ಅಡಿಯಲ್ಲಿ ಮಲಗಿ ಬೆಸೆಯುವಾಗ ಕಾದ ಸೀಸ ಮುಖದ ಮೇಲೆ ಬೀಳುತ್ತದೆ. ಸ್ಕ್ರೂ ಇರುವ ಕನೆಕ್ಟರ್ ಪಟ್ಟಿಗಳು ಸುಲಭವಾದರೂ ಕರಾವಳಿಯಲ್ಲಿ ಅವುಗಳಿಗೆ ಬೇಗ ಕಿಲುಬು ಹಿಡಿಯುತ್ತದೆ.

ಪ್ರತಿ ಜೋಡಿ ಬೆಸೆದೊಡನೆ, ಎಂಜಿನ್ನುಗಳನ್ನು ತೆಗೆದಿಟ್ಟು, ಕಂಟ್ರೋಲರ್ ಕಳಚಿ, ಶಾರ್ಟ್ ಇದ್ದರೆ ಕೂಗುವ ಸ್ಥಾನಕ್ಕೆ ತಿರುಗಿಸಿದ ಮಲ್ಟಿಮೀಟರನ್ನು ಎರಡು ಹಳಿಗಳ ನಡುವೆ ಇಟ್ಟು ನೋಡಬೇಕು. ಅದು ಕೂಗಿದರೆ ಈಗ ತಾನೇ ಬೆಸೆದ ಜೋಡಿಯಲ್ಲೇ ಶಾರ್ಟ್ ಇದೆ ಎಂದು ಹುಡುಕಾಟವಿಲ್ಲದೆ ತಿಳಿಯುತ್ತದೆ. ಡಿಸಿಸಿ (ಹಳಿಯ ಮೂಲಕವೇ ಎಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಇದ್ದರೆ ಕೊನೆಯಲ್ಲಿ ಒಂದು ರೂಪಾಯಿ ನಾಣ್ಯವನ್ನು ಎರಡೂ ಹಳಿಗಳಿಗೆ ಅಡ್ಡಲಾಗಿ ಅಲ್ಲಲ್ಲಿ ಇಟ್ಟು ಪರೀಕ್ಷಿಸಿ: ಹಳಿಗೆ ವಿದ್ಯುತ್ತು ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು, ಅಂದರೆ ತಾನಾಗಿಯೇ ವಿದ್ಯುತ್ತು ಕಡಿಯಬೇಕು. ಆಗದ ಜಾಗಕ್ಕೆ ಜಲ್ಲಿ ಹಾಕುವ ಮೊದಲೇ ಇನ್ನೊಂದು ಜೋಡಿ ಫೀಡರ್ ಕೊಡಬೇಕು.