ಧಗೆ ಇಳಿಯುವುದನ್ನು ನಾನು ಗುರುತಿಸುವ ಬಗೆ

ಬಿಸಿಗಾಳಿ ಶುರುವಾಗಿ ನಾಲ್ಕೈದು ದಿನ ಕಳೆದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ಮಳೆ ಯಾವಾಗ? ನಾನು ಹವಾಮಾನ ಇಲಾಖೆಯವಳಲ್ಲ. ಎರಡು ಥರ್ಮಾಮೀಟರ್, ಒಂದು ಬ್ಯಾರೋಮೀಟರ್, ಒಂದು ನೋಟ್‌ಬುಕ್ ಇಟ್ಟುಕೊಂಡು ವರ್ಷಗಳಿಂದ ಬೇಸಿಗೆಯ ಆಕಾಶವನ್ನು ನೋಡುತ್ತಾ ಬಂದವಳು. ಇಷ್ಟು ಕಾಲದಲ್ಲಿ ನನಗೆ ಮನದಟ್ಟಾದ ಸಂಗತಿ ಒಂದಿದೆ. ಮೊದಲ ಗುಡುಗು ಮಳೆ ಎಷ್ಟೇ ಜೋರಾಗಿ ಸುರಿದರೂ ಅದನ್ನೇ ಧಗೆಯ ಕೊನೆ ಅಂದುಕೊಳ್ಳಬಾರದು. ಧಗೆ ನಿಜವಾಗಿ ಇಳಿಯಿತಾ ಅನ್ನುವುದು ಗಾಳಿಯೊಳಗಿನ ನೀರಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಆ ಲೆಕ್ಕವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು.

ಮೊದಲು ಬಿಸಿಗಾಳಿ ಯಾಕೆ ಇಷ್ಟು ಹಟ ಹಿಡಿದು ಕೂರುತ್ತದೆ ಅಂತ ನೋಡೋಣ. ಆ ದಿನಗಳಲ್ಲಿ ತಲೆಯ ಮೇಲೆ, ಕೆಲವು ಕಿಲೋಮೀಟರ್ ಎತ್ತರದಲ್ಲಿ, ಒತ್ತಡ ಜಾಸ್ತಿ ಇರುವ ಗಾಳಿ ನಿಂತಿರುತ್ತದೆ. ಅದು ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಇಳಿಯುವಾಗ ಅದುಮಿಕೊಂಡು ಬಿಸಿಯಾಗುತ್ತದೆ. ಒಣ ಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರುತ್ತದೆ. ಈ ಬಿಸಿ ಪದರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತಿರುವುದರಿಂದ ಕೆಳಗಿನ ಗಾಳಿ ಮೇಲೇರಿ ಮೋಡ ಆಗುವುದಿಲ್ಲ. ಮೋಡ ಇಲ್ಲ ಅಂದರೆ ಬಿಸಿಲಿಗೆ ತಡೆ ಇಲ್ಲ. ಅಷ್ಟರಲ್ಲಿ ಮಣ್ಣೂ ಒಣಗಿರುತ್ತದೆ. ಮಣ್ಣಿನಲ್ಲಿ ಪಸೆ ಇದ್ದರೆ ಬಿಸಿಲಿನ ಶಾಖದಲ್ಲಿ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತಿತ್ತು. ಪಸೆ ಹೋದ ಮೇಲೆ ಶಾಖವೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುವುದಕ್ಕೇ ಹೋಗುತ್ತದೆ. ಹಾಗಾಗಿ ನಿನ್ನೆಗಿಂತ ಇವತ್ತು, ಇವತ್ತಿಗಿಂತ ನಾಳೆ ಬಿಸಿ. 2021ರ ಜೂನ್ ಕೊನೆಯಲ್ಲಿ ಕೆನಡಾದ ಲಿಟ್ಟನ್ ಎಂಬ ಪುಟ್ಟ ಊರಿನಲ್ಲಿ ಸತತ ಮೂರು ದಿನ ಆ ದೇಶದ ದಾಖಲೆ ಮುರಿದು, ಕೊನೆಗೆ 49.6 ಡಿಗ್ರಿಗೆ ಹೋಗಿ ನಿಂತಿತು. ಅಲ್ಲಿ ಆಗಿದ್ದೂ ಇದೇ ಮುಚ್ಚಳದ ಕೆಲಸ.

ನಾನು ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಥರ್ಮಾಮೀಟರ್ ನೆರಳಿನಲ್ಲಿ, ಗಾಳಿ ಆಡುವ ಕಡೆ, ಗೋಡೆಗೆ ತಾಗದಂತೆ, ಎದೆಯ ಎತ್ತರದಲ್ಲಿ ಇರಬೇಕು. ಹವಾಮಾನ ಕೇಂದ್ರಗಳಲ್ಲಿ ಸಂದುಗಳಿರುವ ಬಿಳಿ ಪೆಟ್ಟಿಗೆಯೊಳಗೆ ಇಡುತ್ತಾರೆ. 19ನೇ ಶತಮಾನದಲ್ಲಿ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ರೂಪಿಸಿದ ಪೆಟ್ಟಿಗೆ ಅದು, ಈಗಲೂ ಬಳಕೆಯಲ್ಲಿದೆ. ಬಿಸಿಲು ಬೀಳುವ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಗೋಡೆಯ ಬಿಸಿಯನ್ನು ತೋರಿಸುತ್ತದೆ, ಗಾಳಿಯದ್ದನ್ನಲ್ಲ. ಆ ಅಂಕಿಗಳನ್ನು ಬರೆದಿಟ್ಟು ಪ್ರಯೋಜನವಿಲ್ಲ.

ಎರಡನೇ ಥರ್ಮಾಮೀಟರಿನ ಬುರುಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನಲ್ಲಿ ಅದ್ದಿಡುತ್ತೇನೆ. ಓದುವ ಮುಂಚೆ ಸ್ವಲ್ಪ ಹೊತ್ತು ಬೀಸಣಿಗೆಯಿಂದ ಗಾಳಿ ಹಾಕುತ್ತೇನೆ. ಬಟ್ಟೆಯ ನೀರು ಆವಿಯಾಗುತ್ತಾ ಇದು ಮೊದಲಿನದಕ್ಕಿಂತ ಕಡಿಮೆ ತೋರಿಸುತ್ತದೆ. ಒಣ ಗಾಳಿಯಲ್ಲಿ ಎರಡರ ನಡುವೆ ತುಂಬ ಅಂತರ. ಒದ್ದೆ ಗಾಳಿಯಲ್ಲಿ ಅಂತರ ಕಿರಿದಾಗುತ್ತದೆ. ನಮ್ಮ ಬೆವರು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಅಳತೆ ಇಲ್ಲ.

ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇಬ್ಬನಿ ಬಿಂದುವನ್ನು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರೊಳಗಿನ ಆವಿ ನೀರಾಗಿ ಕೂರುತ್ತದೋ ಅದು ಇಬ್ಬನಿ ಬಿಂದು. ಒಣ ಮತ್ತು ಒದ್ದೆ ಥರ್ಮಾಮೀಟರುಗಳ ಅಂಕಿಗಳಿಂದ ಇದನ್ನು ಕೋಷ್ಟಕ ನೋಡಿ ತೆಗೆಯಬಹುದು. ಕೋಷ್ಟಕ ಬೇಡ ಅಂದರೆ ಇನ್ನೊಂದು ದಾರಿ ಇದೆ. ಹೊಳೆಯುವ ಲೋಹದ ಲೋಟದಲ್ಲಿ ಅರ್ಧ ನೀರು ತೆಗೆದುಕೊಳ್ಳಿ. ಚೂರುಚೂರೇ ಐಸ್ ಹಾಕಿ, ಥರ್ಮಾಮೀಟರ್ ಇಳಿಬಿಟ್ಟು ಕಲಕುತ್ತಾ ಇರಿ. ಲೋಟದ ಹೊರಮೈ ಮಸುಕಾದ ಕ್ಷಣದಲ್ಲಿ ನೀರಿನ ತಾಪಮಾನ ಎಷ್ಟಿದೆಯೋ ಹೆಚ್ಚುಕಡಿಮೆ ಅದೇ ಇಬ್ಬನಿ ಬಿಂದು. ಲೋಟದ ಮೇಲೆ ಉಸಿರು ಬೀಳದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಶೇಕಡಾವಾರು ತೇವಾಂಶ ಸಾಕಾಗುವುದಿಲ್ಲವಾ ಅಂತ ಕೇಳಬಹುದು. ಅದು ದಿನವಿಡೀ ತಾಪಮಾನದ ಜೊತೆ ಏರಿಳಿಯುತ್ತದೆ. ಬೆಳಿಗ್ಗೆ 80 ಇದ್ದದ್ದು ಮಧ್ಯಾಹ್ನ 35 ಆಗಬಹುದು, ಗಾಳಿಯಲ್ಲಿರುವ ನೀರು ಒಂದು ಹನಿಯೂ ಬದಲಾಗದೆ. ಇಬ್ಬನಿ ಬಿಂದು ಹಾಗೆ ದಾರಿ ತಪ್ಪಿಸುವುದಿಲ್ಲ. ಅದು 15ರ ಕೆಳಗಿದ್ದರೆ ಬಿಸಿ ಇದ್ದರೂ ಮೈ ಒಣಗುತ್ತದೆ. 20 ದಾಟಿದರೆ ಅಂಟು ಶುರು. 24 ದಾಟಿದರೆ ಸುಮ್ನೆ ಕೂತರೂ ಬೆವರು ಆರುವುದಿಲ್ಲ.

ಇದೇ ಅಂಕಿಯಿಂದ ಮೋಡದ ತಳ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಅಂತಲೂ ಹೇಳಬಹುದು. ತಾಪಮಾನದಿಂದ ಇಬ್ಬನಿ ಬಿಂದುವನ್ನು ಕಳೆಯಿರಿ. ಬಂದದ್ದನ್ನು 125ರಿಂದ ಗುಣಿಸಿದರೆ ಮೀಟರ್‌ನಲ್ಲಿ ಉತ್ತರ ಸಿಗುತ್ತದೆ. ಬಿಸಿಗಾಳಿಯ ನಡುಮಧ್ಯದಲ್ಲಿ ತಾಪಮಾನ 38, ಇಬ್ಬನಿ ಬಿಂದು 14 ಇದೆ ಅನ್ನಿ. ವ್ಯತ್ಯಾಸ 24, ತಳ 3000 ಮೀಟರಿನಲ್ಲಿ. ಅಷ್ಟು ಎತ್ತರದಿಂದ ಹೊರಟ ಹನಿಗಳಲ್ಲಿ ಬಹುಪಾಲು ದಾರಿಯಲ್ಲೇ ಆರಿಹೋಗುತ್ತವೆ. ಮೋಡದ ಕೆಳಗೆ ಬೂದು ಎಳೆಗಳು ಜೋತಾಡುವುದು ಕಾಣುತ್ತದೆ, ನೆಲ ಒಣಗಿಯೇ ಇರುತ್ತದೆ. ಇಂಥ ದಿನ ಗುಡುಗಿದರೆ ನಾನು ಮಳೆಗಿಂತ ಗಾಳಿಗೆ ಹೆದರುತ್ತೇನೆ. ಹನಿಗಳು ಆರುವಾಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಒಮ್ಮೆಲೇ ಕೆಳಗೆ ಬೀಳುತ್ತದೆ. ಧೂಳು ಏಳುತ್ತದೆ, ಕೊಂಬೆಗಳು ಮುರಿಯುತ್ತವೆ. ಒಣ ಕಾಡಿಗೆ ಸಿಡಿಲು ಬೆಂಕಿ ಹಚ್ಚುವುದೂ ಇಂಥ ಮಳೆಯಿಲ್ಲದ ಗುಡುಗಿನಲ್ಲೇ ಜಾಸ್ತಿ. ಅದೇ ತಾಪಮಾನ 34, ಇಬ್ಬನಿ ಬಿಂದು 22 ಇದ್ದರೆ ತಳ 1500 ಮೀಟರಿಗೆ ಇಳಿಯುತ್ತದೆ. ಆಗ ನೆಲ ನೆನೆಯುವಷ್ಟು ಮಳೆ ಬರುವ ಸಾಧ್ಯತೆ ಹೆಚ್ಚು.

ಹಾಗಾದರೆ ಧಗೆ ತಿರುಗುವ ಮೊದಲ ಸುಳಿವು ಯಾವುದು? ನನ್ನ ನೋಟ್‌ಬುಕ್‌ನಲ್ಲಿ ಅದು ಯಾವಾಗಲೂ ಮಧ್ಯಾಹ್ನದ ಇಬ್ಬನಿ ಬಿಂದು. ಬಿಸಿಗಾಳಿಯ ದಿನಗಳಲ್ಲಿ ಅದು ಮಧ್ಯಾಹ್ನ ಕೆಲವು ಡಿಗ್ರಿ ಕುಸಿಯುತ್ತದೆ. ಮೇಲಿನ ಒಣ ಗಾಳಿ ಕೆಳಗೆ ಬೆರೆಯುವುದೇ ಕಾರಣ. ಒಂದು ದಿನ ಈ ಕುಸಿತ ಕಾಣುವುದಿಲ್ಲ. ಬೆಳಗಿನ ಅಂಕಿಯೇ ಮಧ್ಯಾಹ್ನವೂ ನಿಲ್ಲುತ್ತದೆ, ಅಥವಾ ಏರುತ್ತದೆ. ತಾಪಮಾನ ಒಂದೆರಡು ಡಿಗ್ರಿ ಇಳಿದಿದ್ದರೂ ಮೈಗೆ ಮೊದಲಿಗಿಂತ ಹಿಂಸೆ. ಜನ ‘ಇವತ್ತು ಸೆಕೆ ಯಾಕೋ ಬೇರೆ ಥರ’ ಅನ್ನುತ್ತಾರೆ. ಅವರು ಹೇಳುವುದು ಸರಿ. ಬೇರೆ ಕಡೆಯಿಂದ ನೀರು ಹೊತ್ತ ಗಾಳಿ ಬಂದಿರುತ್ತದೆ.

ಬ್ಯಾರೋಮೀಟರ್ ನೋಡುವವರಿಗೆ ಒಂದು ಮಾತು. ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ 10ರ ಹೊತ್ತಿಗೆ ಹೆಚ್ಚು, ಮುಂಜಾನೆ ಮತ್ತು ಸಂಜೆ 4ರ ಹೊತ್ತಿಗೆ ಕಡಿಮೆ. ಉಷ್ಣವಲಯದಲ್ಲಿ ಇದು ಎದ್ದು ಕಾಣುತ್ತದೆ, ಧ್ರುವಗಳ ಕಡೆಗೆ ಹೋದಂತೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಮುಳ್ಳು ಕೆಳಗೆ ಬಂತು ಅಂದ ಮಾತ್ರಕ್ಕೆ ಮಳೆ ಬಂತು ಅಂತಲ್ಲ. ನಿನ್ನೆಯ ಇದೇ ಗಂಟೆಯ ಅಂಕಿಯ ಜೊತೆ ಹೋಲಿಸಿ. ದಿನದಿಂದ ದಿನಕ್ಕೆ ಅದೇ ಗಂಟೆಯಲ್ಲಿ ಇಳಿಯುತ್ತಾ ಬಂದರೆ ಮಾತ್ರ ಮುಚ್ಚಳ ಸಡಿಲವಾಗುತ್ತಿದೆ ಅಂತ ಅರ್ಥ.

ಇನ್ನು ಆಕಾಶ. ಬೆಳಿಗ್ಗೆ ಬೇಗ ಎದ್ದು ನೋಡುವುದು ನನಗೆ ಇಷ್ಟವಾದ ಕೆಲಸ. ನಡು ಎತ್ತರದಲ್ಲಿ ಸಪಾಟಾದ ತಳದ ಮೇಲೆ ಪುಟ್ಟ ಪುಟ್ಟ ಗೋಪುರಗಳ ಸಾಲು ಕಂಡರೆ ಆ ದಿನ ಸಂಜೆಯ ಕೆಲಸಗಳನ್ನು ಮುಂಚೆಯೇ ಮುಗಿಸುತ್ತೇನೆ. ಇದಕ್ಕೆ ಆಲ್ಟೊಕ್ಯುಮುಲಸ್ ಕ್ಯಾಸ್ಟೆಲಾನಸ್ ಅನ್ನುತ್ತಾರೆ. ಸೂರ್ಯ ನೆಲವನ್ನು ಕಾಯಿಸುವ ಮೊದಲೇ ಅಷ್ಟು ಎತ್ತರದ ಗಾಳಿ ಮೇಲೇಳಲು ತಯಾರಾಗಿದೆ ಅನ್ನುವುದಕ್ಕೆ ಇದು ಗುರುತು. ಮಧ್ಯಾಹ್ನದ ಮೋಡಗಳಲ್ಲಿ ಅಂಚನ್ನು ಗಮನಿಸುತ್ತೇನೆ. ಅಂಚು ಗಟ್ಟಿಯಾಗಿ ಹೂಕೋಸಿನಂತೆ ಉಬ್ಬುತ್ತಿದ್ದರೆ ಮೋಡ ಬೆಳೆಯುತ್ತಿದೆ. ನೆತ್ತಿ ನಾರುನಾರಾಗಿ ಚಪ್ಪಟೆಯಾಗಿ ಒಂದು ಕಡೆಗೆ ಚಾಚಿದರೆ ಅಲ್ಲಿ ಹನಿಗಳು ಹಿಮದ ಹರಳಾಗಿವೆ. ಅದೇ ಕ್ಯುಮುಲೋನಿಂಬಸ್, ಗುಡುಗಿನ ಮೋಡ. ಅದರ ನೆತ್ತಿ 10 ಕಿಲೋಮೀಟರ್ ದಾಟುವುದು ಸಾಮಾನ್ಯ.

ನೆಲದ ಗಾಳಿ ಯಾವ ಕಡೆ ಬೀಸುತ್ತದೋ ಅದರಿಂದ ಮೋಡ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಎತ್ತರದ ಗಾಳಿ ಮೋಡವನ್ನು ಹೊತ್ತೊಯ್ಯುತ್ತದೆ. ನೆಲದ ಗಾಳಿಯನ್ನು ಬೆಳೆಯುತ್ತಿರುವ ಮೋಡ ತನ್ನ ಕಡೆಗೆ ಎಳೆದುಕೊಳ್ಳುತ್ತಿರುತ್ತದೆ. ಹಾಗಾಗಿ ಗುಡುಗು ಮಳೆ ಎಷ್ಟೋ ಸಲ ಗಾಳಿಗೆ ಎದುರಾಗಿಯೇ ಬರುತ್ತದೆ. ‘ಗಾಳಿ ಆ ಕಡೆ ಹೋಗ್ತಿದೆ, ನಮಗೆ ಬರಲ್ಲ’ ಅಂದುಕೊಂಡು ಬಯಲಲ್ಲಿ ನಿಂತವರು ಸಿಕ್ಕಿಹಾಕಿಕೊಳ್ಳುವುದು ಇದರಿಂದಲೇ.

ಆಮೇಲೆ ಆ ಗಳಿಗೆ. ಗಾಳಿ ಪೂರ್ತಿ ನಿಲ್ಲುತ್ತದೆ. ಒಂದೆರಡು ನಿಮಿಷದಲ್ಲಿ ಎದುರು ದಿಕ್ಕಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಹತ್ತು ನಿಮಿಷದೊಳಗೆ 10 ಡಿಗ್ರಿ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬ್ಯಾರೋಮೀಟರ್ ಕೂಡ ಆಗಲೇ ಜಿಗಿಯುತ್ತದೆ, ತಣ್ಣನೆ ಗಾಳಿಗೆ ತೂಕ ಜಾಸ್ತಿ ಅಲ್ವಾ. ಇಷ್ಟೊಂದು ತಂಪು ಎಲ್ಲಿಂದ ಬಂತು? ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಅದನ್ನು ಒಂದು ಕಿಲೋ ಗಾಳಿಯಿಂದ ತೆಗೆದರೆ ಆ ಗಾಳಿ 2.4 ಡಿಗ್ರಿ ತಣ್ಣಗಾಗುತ್ತದೆ. ಒಂದು ಕಿಲೋ ಗಾಳಿ ಅಂದರೆ ಒಂದು ಘನ ಮೀಟರಿಗಿಂತ ಸ್ವಲ್ಪ ಕಡಿಮೆ. ನಾಲ್ಕು ಗ್ರಾಂ ನೀರು ಆರಿದರೆ ಸಾಕು, ಹತ್ತು ಡಿಗ್ರಿ ಇಳಿದುಹೋಗುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಆ ಮೊದಲ ತಂಗಾಳಿಯ ಮೇಲೆ ನನಗೆ ಪ್ರೀತಿ ಇನ್ನೂ ಹೆಚ್ಚಾಯಿತು.

ಆ ತಂಗಾಳಿಗೆ ಮೈಯೊಡ್ಡಲು ಹೊರಗೆ ಓಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಲೆಕ್ಕ. 30 ಸೆಕೆಂಡ್ ಅಂದರೆ 10 ಕಿಲೋಮೀಟರ್. ಅಷ್ಟು ದೂರದ ಮೋಡದಿಂದಲೂ ಸಿಡಿಲು ಮಳೆಯಿಲ್ಲದ ಕಡೆ ಬಂದು ಬೀಳಬಲ್ಲದು. ಹಾಗಾಗಿ ಗುಡುಗು ಕೇಳಿಸಿತು ಅಂದರೆ ನಾನು ಒಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಕಾಲಿಡುವುದಿಲ್ಲ, ಸ್ನಾನ ಮಾಡುವುದಿಲ್ಲ, ನಲ್ಲಿ ಮುಟ್ಟುವುದಿಲ್ಲ. ಮರದ ಕೆಳಗೆ ನಿಲ್ಲುವುದಂತೂ ಬೇಡವೇ ಬೇಡ.

ಮಳೆ ನಿಂತ ಮೇಲೆ ಹೆಚ್ಚಿನವರು ಗಮನಿಸುವುದನ್ನು ನಿಲ್ಲಿಸುತ್ತಾರೆ. ನನ್ನ ಮುಖ್ಯ ಕೆಲಸ ಶುರುವಾಗುವುದೇ ಆಗ. ಯಾಕೆಂದರೆ ಗುಡುಗು ಮಳೆಯಲ್ಲಿ ಎರಡು ಬಗೆ. ಮೊದಲನೆಯದು ಅಲ್ಲಲ್ಲೇ ಕಟ್ಟಿ ಅಲ್ಲಲ್ಲೇ ಕರಗುವ ಮೋಡ. ಅದು ಒಂದು ಸಂಜೆಗೆ ತಂಪು ಕೊಟ್ಟು ಹೋಗುತ್ತದೆ. ಮೇಲಿನ ಬಿಸಿ ಪದರ ಇದ್ದಲ್ಲೇ ಇರುತ್ತದೆ. ಮಾರನೇ ದಿನ ಗಾಳಿ ಹಳೇ ದಿಕ್ಕಿಗೆ ಬರುತ್ತದೆ, ಒತ್ತಡ ಹಳೇ ಅಂಕಿಗೆ ಬರುತ್ತದೆ, ಬಿಸಿಲು ಏರುತ್ತದೆ. ನೆನೆದ ನೆಲದ ನೀರೆಲ್ಲ ಆವಿಯಾಗಿ ಗಾಳಿ ಇನ್ನೂ ಅಂಟಾಗುತ್ತದೆ. ಎರಡನೆಯದು, ಬೇರೆಯೇ ಗಾಳಿ ಬಂದು ಹಳೆಯದನ್ನು ತಳ್ಳಿಬಿಡುವುದು. ಆಗ ಮಾರನೇ ಬೆಳಿಗ್ಗೆಯೂ ಗಾಳಿ ಹೊಸ ದಿಕ್ಕಿನಿಂದಲೇ ಬೀಸುತ್ತಿರುತ್ತದೆ. ಒತ್ತಡ ನಿನ್ನೆಯ ಅದೇ ಗಂಟೆಗಿಂತ ಮೇಲಿರುತ್ತದೆ. ಇಬ್ಬನಿ ಬಿಂದು ನಿಚ್ಚಳವಾಗಿ ಇಳಿದಿರುತ್ತದೆ. ಮೂರೂ ಸೇರಿದರೆ ಮಾತ್ರ ನಾನು ನೋಟ್‌ಬುಕ್‌ನಲ್ಲಿ ‘ಧಗೆ ಇಳಿಯಿತು’ ಅಂತ ಬರೆಯುತ್ತೇನೆ. ಮಳೆಗಾಲ ಕಾಲಿಡುವಾಗ ಮಾತ್ರ ಈ ಲೆಕ್ಕ ಬೇರೆ. ಆಗ ಇಬ್ಬನಿ ಬಿಂದು ಇಳಿಯುವುದಿಲ್ಲ, ದಿನವಿಡೀ ಮುಚ್ಚಿಕೊಳ್ಳುವ ಮೋಡವೇ ಬಿಸಿಲನ್ನು ತಡೆದು ತಂಪು ತರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ರಾತ್ರಿಗಳ ಕಾರಣಕ್ಕೆ. ಗಾಳಿ ಬದಲಾಗದಿದ್ದರೆ ರಾತ್ರಿಯ ತಾಪಮಾನ ಸಂಜೆಯ ಇಬ್ಬನಿ ಬಿಂದುವಿಗಿಂತ ಹೆಚ್ಚು ಕೆಳಗೆ ಹೋಗುವುದಿಲ್ಲ. ಸಂಜೆ ಅದು 26 ಇದ್ದರೆ ಬೆಳಗಿನ ಜಾವವೂ ಸುಮಾರು 26. ಹಗಲಿಡೀ ಬೆಂದ ಮೈಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. 1995ರ ಜುಲೈನಲ್ಲಿ ಶಿಕಾಗೋ ನಗರದ ಬಿಸಿಗಾಳಿಯಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಟಿಯಾಗಿದ್ದ ವಯಸ್ಸಾದವರೇ ಜಾಸ್ತಿ. ಅಲ್ಲಿ ತೇವ ವಿಪರೀತವಾಗಿತ್ತು, ರಾತ್ರಿಗಳೂ ತಣಿಯಲಿಲ್ಲ.

ಮನೆಯ ಗೋಡೆಗಳೂ ತಡವಾಗಿಯೇ ತಣಿಯುತ್ತವೆ. ಹೊರಗೆ 24 ಆದಾಗ ಒಳಗೆ 33 ಇರುವುದು ಮಾಮೂಲು. ಗುಡುಗು ದೂರವಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆಗೆಯುತ್ತೇನೆ. ಒಂದು ಕಿಟಕಿಯಲ್ಲಿ ಫ್ಯಾನನ್ನು ಹೊರಮುಖವಾಗಿ ಇಟ್ಟರೆ ಬಿಸಿ ಗಾಳಿ ಬೇಗ ಹೊರಗೆ ಹೋಗುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಹೊರಗಿನ ತಾಪಮಾನ ಒಳಗಿನದನ್ನು ದಾಟುವ ಮುಂಚೆ ಮುಚ್ಚುತ್ತೇನೆ. ಒಂದು ರಾತ್ರಿ ಸಾಲದು. ಹಾಗಾಗಿ ಅಕ್ಕಪಕ್ಕದ ಹಿರಿಯರನ್ನು ವಿಚಾರಿಸಿಕೊಂಡು ಬರುವುದನ್ನು ಮಳೆ ಬಂದ ದಿನಕ್ಕೇ ನಿಲ್ಲಿಸುವುದಿಲ್ಲ. ಮನೆಯೊಳಗಿನ ಥರ್ಮಾಮೀಟರ್ ಸತತ ಎರಡು ಬೆಳಿಗ್ಗೆ 28ರ ಕೆಳಗೆ ತೋರಿಸುವವರೆಗೆ ದಿನಕ್ಕೆರಡು ಸಲ ಅವರ ಬಾಗಿಲು ತಟ್ಟುತ್ತೇನೆ.