ಹೊಗೆ ಕಾಟವಿಲ್ಲದ ಬಚ್ಚಲೊಲೆ ಕಟ್ಟುವುದು ಹೀಗೆ

ಮಲೆನಾಡಿನ ಹೊಸ ಮನೆಗಳಲ್ಲಿ ಬಚ್ಚಲೊಲೆಯನ್ನು ಕಟ್ಟಕಡೆಗೆ, ಉಳಿದ ಇಟ್ಟಿಗೆ-ಸಿಮೆಂಟಿನಲ್ಲಿ ಹೇಗೋ ಮುಗಿಸಿಬಿಡುತ್ತಾರೆ. ಆಮೇಲೆ ಮಳೆಗಾಲವಿಡೀ ಹೊಗೆ, ಕಣ್ಣುರಿ. ಹೊರೆ ಸೌದೆ ಸುಟ್ಟರೂ ನೀರು ಉಗುರುಬೆಚ್ಚಗೇ. ಎಲ್ಲರೂ ಸೌದೆಯನ್ನು ಬೈಯುತ್ತಾರೆ, ಹಂಡೆ ಕೂರಿಸಿದ್ದು ಸರಿಯಿದೆಯೇ ಎಂದು ನೋಡುವುದಿಲ್ಲ.

ಮೊದಲು ಜಾಗ. ಹಂಡೆಯ ಬಾಯಿ ಬಚ್ಚಲಿನೊಳಗೆ, ಒಲೆಯ ಬಾಯಿ ಗೋಡೆಯಾಚೆ ಇರಲಿ. ಅಲ್ಲಿಗೊಂದು ಮಾಡು ಇಳಿಸಿ. ಒಳಗೇ ಉರಿ ಹಾಕುವ ಒಲೆಯಂತೂ ಬೇಡವೇ ಬೇಡ. ಬಾಗಿಲು ಹಾಕಿಕೊಂಡು ಮೀಯುವಾಗ ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವಕ್ಕೇ ಅಪಾಯ.

ತಳಪಾಯ, ಬೂದಿಗುಂಡಿ, ಮೇಲೊಂದು ಕಬ್ಬಿಣದ ಜಾಲರಿ ಯಾವ ಗಾರೆಯವರಿಗೂ ಗೊತ್ತು. ಜಾಲರಿ ಮಾತ್ರ ತಪ್ಪಿಸಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ, ಸೌದೆ ಉಳಿಸುವ ಅಡುಗೆ ಒಲೆಯಾದ ‘ಅಸ್ತ್ರ ಒಲೆ’ಯಲ್ಲೂ ಮುಚ್ಚಿದ ಉರಿಗೂಡು, ಜಾಲರಿ, ಚಿಮಣಿ ಮೂರೂ ಇವೆ.

ಹಂಡೆ ಕೂರಿಸುವ ದಿನ ನೀವೇ ಎದುರು ನಿಲ್ಲಿ. ಜಾಲರಿಯಿಂದ ಒಂದು ಗೇಣು ಮೇಲೆ, ಒಲೆಗೋಡೆಯಿಂದ ಚಾಚಿದ ಮೂರು ಕಲ್ಲುಗಳ ತುದಿಯ ಮೇಲೆ ಅದು ಕೂರಬೇಕು. ಹಂಡೆಯ ಹೊಟ್ಟೆಗೂ ಗೋಡೆಗೂ ನಡುವೆ ಸುತ್ತಲೂ ಸಂದು ಬೇಕು. ಹಲವರು ಮಣ್ಣನ್ನು ಹಂಡೆಗೇ ಮೆತ್ತಿಬಿಡುತ್ತಾರೆ. ಆಗ ಉರಿ ತಳಕ್ಕಷ್ಟೇ ತಾಗುತ್ತದೆ. ಕೆಲವರು ಅಂಗೈಯಗಲ ಬಿಡುತ್ತಾರೆ. ಶಾಖವೆಲ್ಲ ನೇರ ಚಿಮಣಿಗೆ. ಒಲೆಬಾಯಿಯ ಕಡೆ ಎರಡು ಬೆರಳು, ಚಿಮಣಿಯ ಕಡೆ ಒಂದೇ ಬೆರಳು ಬಿಡಿ. ಉರಿ ಚಿಮಣಿಯತ್ತಲೇ ಓಡುವುದರಿಂದ, ಆ ಕಡೆ ಇಕ್ಕಟ್ಟಾದರೆ ಹಂಡೆಯನ್ನು ಸುತ್ತಿ ಬಳಸಿಕೊಂಡು ಹೋಗುತ್ತದೆ. ಚಿಮಣಿಯ ಕಿಂಡಿ ಹಂಡೆಯ ಭುಜದ ಕೆಳಗೆ, ಒಲೆಬಾಯಿಗೆ ದೂರದ ಮಗ್ಗುಲಲ್ಲಿರಲಿ. ಭುಜದ ಸುತ್ತ ಮಾತ್ರ ಮಣ್ಣು ಮೆತ್ತಿ ಬಿಗಿಯಾಗಿ ಮುಚ್ಚಿ. ಜೇಡಿಮಣ್ಣು, ಮರಳು, ಭತ್ತದ ಉಮಿ ಕಲಸಿದರೆ ಸಾಕು. ಬೇಗ ಮುಗಿಯುತ್ತದೆಂದು ಸಿಮೆಂಟು ಬಳಿದರೆ ಕಾವಿಗೆ ಬಿರುಕು ಬಿಡುತ್ತದೆ.

ಮುಚ್ಚಿದ ಮೇಲೆ ಹಂಡೆಗೆ ನೀರು ತುಂಬಿ, ಒಂದು ಹಿಡಿ ಹಸಿಹುಲ್ಲನ್ನು ಒಲೆಯಲ್ಲಿ ಹೊಗೆಯಾಡಿಸಿ. ಒಳಗೆ ನಿಂತು ನೋಡಿ, ಭುಜದ ಅಂಚಿನಲ್ಲಿ ಹೊಗೆ ಎಲ್ಲಿ ನುಸುಳುತ್ತದೋ ಅಲ್ಲಿ ಒದ್ದೆ ಮಣ್ಣು ಒತ್ತಿ. ಒಂದು ವಾರ ಸಣ್ಣ ಉರಿಯಷ್ಟೇ. ಖಾಲಿ ಹಂಡೆಗೆ ಎಂದೂ ಬೆಂಕಿ ಹಾಕಬೇಡಿ.

ಚಿಮಣಿ ಮಾಡಿಗಿಂತ ಎರಡಡಿ ಮೇಲಿರಲಿ. ಪಿವಿಸಿ ಪೈಪ್ ಸಿಕ್ಕಿಸುವವರಿದ್ದಾರೆ, ಅದು ಕರಗಿ ಜೋತುಬೀಳುತ್ತದೆ. ಹಾಗೆಯೇ ತೆಳು ತಗಡಿನ ಅಗ್ಗದ ಬಾಯ್ಲರಿಗೆ ಮರುಳಾಗಬೇಡಿ, ಬೆಸುಗೆ ಬಿಟ್ಟು ಸೋರುತ್ತದೆ. ಹಳೆಯದಾದರೂ ಸರಿ, ತಾಮ್ರದ ಹಂಡೆಯನ್ನೇ ಕೊಳ್ಳಿ.

ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಅದನ್ನು ಆವಿ ಮಾಡುವುದರಲ್ಲೇ ಸಾಕಷ್ಟು ಶಾಖ ಹೋಗಿಬಿಡುತ್ತದೆ. ಬೇಸಿಗೆಯಲ್ಲೇ ಸೀಳಿ ಒಣಗಿಸಿ, ಮೇ ಮುಗಿಯುವುದರೊಳಗೆ ಕೊಟ್ಟಿಗೆ ಸೇರಿಸಿ. ಹೊತ್ತಿಸಲು ಒಣ ಸೋಗೆ, ಕರಟ ಸಾಕು. ಟೈರ್ ಚೂರು, ಪ್ಲಾಸ್ಟಿಕ್ ಒಲೆಗೆ ಹಾಕಲೇಬೇಡಿ, ವಿಷದ ಹೊಗೆ.

ಚಿಮಣಿಯ ಬುಡದಲ್ಲಿ ಒಂದು ಇಟ್ಟಿಗೆಯನ್ನು ಗಾರೆ ಹಾಕದೆ ಸುಮ್ಮನೆ ಇಡಿಸಿ. ತಿಂಗಳಿಗೊಮ್ಮೆ ಅದನ್ನು ತೆಗೆದು, ಹಳೆಯ ಹಿಡಿಸೂಡಿಯಿಂದ ಮಸಿ ಕೆರೆಯಿರಿ.