ಎಸಿಸಿ ಪುರುಷರ ಸಾಕರ್ ಟೂರ್ನಿ: ಇತಿಹಾಸದ ಪಟ್ಟಿಯನ್ನು ತಪ್ಪಿಲ್ಲದೆ ಕಟ್ಟುವ ಬಗೆ

ಅಮೆರಿಕದ ಕಾಲೇಜು ಸಾಕರ್‌ನಲ್ಲಿ (ನಾವು ಫುಟ್‌ಬಾಲ್ ಅನ್ನುವ ಆಟ) ಒಂದೇ ವರ್ಷ ಒಂದೇ ಕಾನ್ಫರೆನ್ಸ್‌ನ, ಅಂದರೆ ತಮ್ಮೊಳಗೆ ಲೀಗ್ ಆಡುವ ವಿಶ್ವವಿದ್ಯಾಲಯಗಳ ಒಂದೇ ಕೂಟದ, ಮೂರು ಬೇರೆ ಬೇರೆ ತಂಡಗಳು ತಮ್ಮನ್ನು ಚಾಂಪಿಯನ್ ಎಂದು ಕರೆದುಕೊಳ್ಳಬಹುದು, ಮೂರರ ಮಾತೂ ಸರಿಯಿರಬಹುದು. ಒಂದು ತಂಡ ಲೀಗ್ ಹಂತದ ಅಂಕಪಟ್ಟಿಯಲ್ಲಿ ಮೇಲೆ ನಿಂತಿರುತ್ತದೆ, ಇನ್ನೊಂದು ನವೆಂಬರ್‌ನ ನಾಕೌಟ್ ಟೂರ್ನಿ ಗೆದ್ದಿರುತ್ತದೆ, ಮತ್ತೊಂದು ಡಿಸೆಂಬರ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ನಡೆಸುವ ರಾಷ್ಟ್ರೀಯ ಪ್ರಶಸ್ತಿ ಎತ್ತಿರುತ್ತದೆ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಗೊಂದಲ ಈ ಮೂರನ್ನು ಬೆರೆಸಿದ್ದರಿಂದಲೇ ಹುಟ್ಟಿದ್ದು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿಯನ್ನು ಇಟ್ಟುಕೊಂಡು ಈ ಇತಿಹಾಸವನ್ನು ಸರಿಯಾಗಿ ದಾಖಲಿಸುವ ಕ್ರಮವನ್ನು ನೋಡೋಣ.

ಮೊದಲು ಗಡಿ ಹಾಕಿಕೊಳ್ಳಿ. ಎಸಿಸಿ ಹುಟ್ಟಿದ್ದು 1953ರಲ್ಲಿ, ನಾಕೌಟ್ ಟೂರ್ನಿ ಶುರುವಾದದ್ದು 1987ರಲ್ಲಿ. ಅದಕ್ಕೂ ಮುಂಚಿನ ಚಾಂಪಿಯನ್‌ಗಳೆಲ್ಲ ಅಂಕಪಟ್ಟಿಯಿಂದ ಬಂದವರು. 1950ರ ದಶಕದಲ್ಲಿ ಮೇರಿಲ್ಯಾಂಡ್ ಗೆದ್ದ ಪ್ರಶಸ್ತಿಗಳನ್ನು ಟೂರ್ನಿ ಪ್ರಶಸ್ತಿಗಳ ಲೆಕ್ಕಕ್ಕೆ ಸೇರಿಸಿದರೆ ಪಟ್ಟಿ ಬುಡದಲ್ಲೇ ಕೆಡುತ್ತದೆ.

ಈಗ ಸ್ಪ್ರೆಡ್‌ಶೀಟ್ ತೆರೆದು ಪ್ರತಿ ಋತುವಿಗೆ ಒಂದು ಸಾಲು ಕೊಡಿ. ಕಾಲಂಗಳು: ಋತು, ಭಾಗವಹಿಸಿದ ತಂಡಗಳು, ಮಾದರಿ (ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ ಇತ್ತೇ, ಗುಂಪು ಹಂತ ಇತ್ತೇ), ಫೈನಲ್ ನಡೆದ ಊರು ಮತ್ತು ಮೈದಾನ, ಫೈನಲ್ ದಿನಾಂಕ, ಗೆದ್ದವರು, ಸೋತವರು, ಇಬ್ಬರ ಶ್ರೇಯಾಂಕ, 90 ನಿಮಿಷದ ಸ್ಕೋರ್, ಹೆಚ್ಚುವರಿ ಅವಧಿಯ ನಂತರದ ಸ್ಕೋರ್, ಪೆನಾಲ್ಟಿ, ಲೀಗ್ ಹಂತದ ಅಗ್ರ ತಂಡ, ರಾಷ್ಟ್ರೀಯ ಚಾಂಪಿಯನ್, ಟಿಪ್ಪಣಿ. ಸ್ಕೋರ್‌ಗೆ ಮೂರು ಕಾಲಂ ಹೆಚ್ಚಾಯಿತು ಅನ್ನಿಸಬಹುದು. ಬಿಡಬೇಡಿ, ಅವು ಬೇಕಾಗುವುದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಲೀಗ್, ಟೂರ್ನಿ, ರಾಷ್ಟ್ರೀಯ ಕಾಲಂಗಳನ್ನು ಬೇರೆಯಾಗಿಡುವುದರ ಉಪಯೋಗ ಮೊದಲ ಸಾಲಿನಲ್ಲೇ ಕಾಣುತ್ತದೆ. 1987ರಲ್ಲಿ ಟೂರ್ನಿ ಗೆದ್ದದ್ದು ನಾರ್ತ್ ಕ್ಯಾರೊಲಿನಾ. ಅದೇ ಋತುವಿನ ರಾಷ್ಟ್ರೀಯ ಚಾಂಪಿಯನ್ ಕ್ಲೆಮ್ಸನ್, ಫೈನಲ್‌ನಲ್ಲಿ ಸ್ಯಾನ್ ಡಿಯೆಗೊ ಸ್ಟೇಟ್ ವಿರುದ್ಧ 2-0. ಇಂಥ ಜೋಡಿ ಮತ್ತೆ ಮತ್ತೆ ಬರುತ್ತದೆ: 2001ರಲ್ಲಿ ಟೂರ್ನಿ ಕ್ಲೆಮ್ಸನ್‌ಗೆ, ರಾಷ್ಟ್ರೀಯ ಪ್ರಶಸ್ತಿ ನಾರ್ತ್ ಕ್ಯಾರೊಲಿನಾಕ್ಕೆ, 2005ರಲ್ಲಿ ಡ್ಯೂಕ್ ಮತ್ತು ಮೇರಿಲ್ಯಾಂಡ್, 2007ರಲ್ಲಿ ಬಾಸ್ಟನ್ ಕಾಲೇಜ್ ಮತ್ತು ವೇಕ್ ಫಾರೆಸ್ಟ್, 2014ರಲ್ಲಿ ಕ್ಲೆಮ್ಸನ್ ಮತ್ತು ವರ್ಜೀನಿಯಾ. 2013 ಇನ್ನೂ ಸೊಗಸು. ಎಸಿಸಿ ಟೂರ್ನಿ ಗೆದ್ದ ಮೇರಿಲ್ಯಾಂಡ್, ರಾಷ್ಟ್ರೀಯ ಫೈನಲ್‌ನಲ್ಲಿ ಎಸಿಸಿಗೆ ಆಗಷ್ಟೇ ಬಂದಿದ್ದ ನೋಟ್ರ ಡೇಮ್‌ಗೆ 2-1ರಿಂದ ಸೋತಿತು. ಎರಡನ್ನೂ ಒಟ್ಟಿಗೆ ಗೆದ್ದವರೂ ಇದ್ದಾರೆ: ಬ್ರೂಸ್ ಅರೀನಾ ತರಬೇತಿಯ ವರ್ಜೀನಿಯಾ 1991ರಿಂದ 1994ರವರೆಗೆ ಸತತ ನಾಲ್ಕು ಬಾರಿ, ಮೇರಿಲ್ಯಾಂಡ್ 2008ರಲ್ಲಿ, ಸಿರಾಕ್ಯೂಸ್ 2022ರಲ್ಲಿ, ಕ್ಲೆಮ್ಸನ್ 2023ರಲ್ಲಿ. ನಮ್ಮ ದೃಷ್ಟಿಯಲ್ಲಿ ಈ ಟೂರ್ನಿಯ ಇತಿಹಾಸದಲ್ಲಿ ಆ ವರ್ಜೀನಿಯಾ ಸರಣಿಗೆ ಸಾಟಿಯಾದದ್ದಿಲ್ಲ. ಕೆಲವೇ ದಿನಗಳ ನಾಕೌಟ್‌ನಲ್ಲಿ ಒಂದು ಕೆಟ್ಟ ಸಂಜೆ ಸಾಕು ಹೊರಬೀಳಲು.

ಟೂರ್ನಿಗೆ ಇಷ್ಟು ತೂಕ ಬರಲು ಕಾರಣವೂ ಟಿಪ್ಪಣಿಯಲ್ಲಿ ಇರಲಿ. ಎನ್‌ಸಿಎಎ ಪಂದ್ಯಾವಳಿ 1959ರಲ್ಲಿ ಎಂಟು ತಂಡಗಳಿಂದ ಶುರುವಾಗಿ 48 ತಂಡಗಳಿಗೆ ಬೆಳೆಯಿತು. ಈಗ ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ ಅದಕ್ಕೆ ನೇರ ಪ್ರವೇಶ, ಉಳಿದವರು ಆಯ್ಕೆ ಸಮಿತಿಯ ಕರೆಗೆ ಕಾಯಬೇಕು. ಆದರೆ ಎಲ್ಲ ಕಾನ್ಫರೆನ್ಸ್‌ಗಳೂ ಟೂರ್ನಿ ನಡೆಸಲಿಲ್ಲ. ಸ್ಟ್ಯಾನ್‌ಫರ್ಡ್ 2015, 2016, 2017ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅದಿದ್ದ ಪ್ಯಾಕ್-12 ಕಾನ್ಫರೆನ್ಸ್‌ನಲ್ಲಿ ಪುರುಷರ ಸಾಕರ್ ಟೂರ್ನಿಯೇ ಇರಲಿಲ್ಲ. ಆ ಜಾಗದಲ್ಲಿ "ಸೊನ್ನೆ" ಬರೆಯಬೇಡಿ, "ಅನ್ವಯಿಸದು" ಎಂದು ಬರೆಯಿರಿ.

ಸ್ಕೋರ್ ಕಾಲಂಗಳಿಗೆ ಬರೋಣ, ತಪ್ಪುಗಳು ಹೆಚ್ಚಾಗಿ ಹುಟ್ಟುವ ಜಾಗ ಇದೇ. ಪೆನಾಲ್ಟಿ ಶೂಟೌಟ್‌ನಲ್ಲಿ ತೀರ್ಮಾನವಾದ ಪಂದ್ಯ ಕಾಲೇಜು ದಾಖಲೆಯಲ್ಲಿ ಡ್ರಾ ಎಂದೇ ಉಳಿಯುತ್ತದೆ. ಶೂಟೌಟ್ ಮುಂದೆ ಹೋಗುವವರು ಯಾರೆಂದಷ್ಟೇ ಹೇಳುತ್ತದೆ. 2022ರ ರಾಷ್ಟ್ರೀಯ ಫೈನಲ್‌ನಲ್ಲಿ ಸಿರಾಕ್ಯೂಸ್ ಮತ್ತು ಇಂಡಿಯಾನಾ 2-2ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಸಿರಾಕ್ಯೂಸ್ 7-6ರಿಂದ ಗೆದ್ದಿತು. ಇದನ್ನು "2-2 (ಪೆ. 7-6)" ಎಂದು ಬರೆಯಬೇಕು. "9-8" ಎಂದಾಗಲಿ "3-2" ಎಂದಾಗಲಿ ಬರೆದರೆ ತಂಡದ ಗೋಲು ಲೆಕ್ಕವೂ ಗೆಲುವಿನ ಲೆಕ್ಕವೂ ಎರಡೂ ತಪ್ಪುತ್ತವೆ.

ಹೆಚ್ಚುವರಿ ಅವಧಿಯ ನಿಯಮ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2022ಕ್ಕಿಂತ ಮುಂಚಿನ ವರ್ಷಗಳಲ್ಲಿ 10 ನಿಮಿಷಗಳ ಎರಡು ಗೋಲ್ಡನ್ ಗೋಲ್ ಅವಧಿಗಳಿದ್ದವು. ಗೋಲು ಬಿದ್ದ ಕ್ಷಣವೇ ಪಂದ್ಯ ಮುಗಿಯುತ್ತಿತ್ತು. ಹಾಗಾಗಿ ಆ ಕಾಲದ ಹೆಚ್ಚುವರಿ ಅವಧಿಯಲ್ಲಿ ಎರಡು ಗೋಲುಗಳ ಅಂತರ ಕಂಡರೆ ಮೂಲದಲ್ಲೇ ತಪ್ಪಿದೆ ಎಂದು ತಿಳಿಯಿರಿ. 2022ರಿಂದ ಗೋಲ್ಡನ್ ಗೋಲ್ ಇಲ್ಲ. ಲೀಗ್ ಪಂದ್ಯ ಸಮನಾದರೆ 90 ನಿಮಿಷಕ್ಕೇ ಡ್ರಾ. ನಾಕೌಟ್‌ನಲ್ಲಿ ಎರಡೂ 10 ನಿಮಿಷಗಳನ್ನು ಪೂರ್ತಿ ಆಡಿ, ಆಮೇಲೆ ಪೆನಾಲ್ಟಿ. ಇನ್ನೂ ಹಿಂದಕ್ಕೆ ಹೋದರೆ ಈ ಯಾವ ಲೆಕ್ಕವನ್ನೂ ಹೇರಬಾರದು. 1989ರ ರಾಷ್ಟ್ರೀಯ ಫೈನಲ್ ನಾಲ್ಕು ಹೆಚ್ಚುವರಿ ಅವಧಿಗಳ ನಂತರವೂ 1-1ರಲ್ಲೇ ಉಳಿದು, ವರ್ಜೀನಿಯಾ ಮತ್ತು ಸ್ಯಾಂಟಾ ಕ್ಲಾರಾ ಪ್ರಶಸ್ತಿ ಹಂಚಿಕೊಂಡವು.

ಋತುವನ್ನು ಶರತ್ಕಾಲದ ವರ್ಷದಿಂದ ಗುರುತಿಸಿ, ಪಂದ್ಯದ ದಿನಾಂಕದಿಂದ ಅಲ್ಲ. ಕೋವಿಡ್ ಕಾಲ ಇದನ್ನು ಕಲಿಸುತ್ತದೆ. 2020ರ ನವೆಂಬರ್‌ನಲ್ಲಿ ಎಸಿಸಿ ಟೂರ್ನಿ ನಡೆದು ಕ್ಲೆಮ್ಸನ್ ಗೆದ್ದಿತು. ಎನ್‌ಸಿಎಎ ಪಂದ್ಯಾವಳಿ ಮಾತ್ರ 2021ರ ವಸಂತಕ್ಕೆ ಹೋಗಿ, ಮೇ ತಿಂಗಳಲ್ಲಿ ಮಾರ್ಷಲ್ ತಂಡ ಇಂಡಿಯಾನಾವನ್ನು 1-0ರಿಂದ ಸೋಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ಲೆಮ್ಸನ್ ವಾಷಿಂಗ್ಟನ್ ವಿರುದ್ಧ 2-0ರಿಂದ ಗೆದ್ದು ಚಾಂಪಿಯನ್ ಆಯಿತು. ಎರಡೂ ಫೈನಲ್ ನಡೆದದ್ದು ನಾರ್ತ್ ಕ್ಯಾರೊಲಿನಾದ ಕೇರಿ ಊರಿನ ವೇಕ್‌ಮೆಡ್ ಸಾಕರ್ ಪಾರ್ಕ್‌ನಲ್ಲಿ. "2021" ಎಂದು ಹುಡುಕಿದರೆ ಇಬ್ಬರು ರಾಷ್ಟ್ರೀಯ ಚಾಂಪಿಯನ್‌ಗಳು ಸಿಗುತ್ತಾರೆ. ಮಾರ್ಷಲ್ 2020ರ ಸಾಲಿಗೆ, ಕ್ಲೆಮ್ಸನ್ 2021ರ ಸಾಲಿಗೆ. ಆ ಸಾಲಿನ ಎಸಿಸಿ ಟೂರ್ನಿ ನೋಟ್ರ ಡೇಮ್‌ನದು.

ಸದಸ್ಯತ್ವದ ಹಾಳೆ ಪ್ರತ್ಯೇಕವಾಗಿರಲಿ. 1987ರಲ್ಲಿ ಎಸಿಸಿಯಲ್ಲಿ ಪುರುಷರ ಸಾಕರ್ ಆಡುತ್ತಿದ್ದದ್ದು ಏಳು ತಂಡ. ವರ್ಜೀನಿಯಾ ಟೆಕ್ 2004ರಲ್ಲಿ, ಬಾಸ್ಟನ್ ಕಾಲೇಜ್ 2005ರಲ್ಲಿ, ಸಿರಾಕ್ಯೂಸ್, ಪಿಟ್ಸ್‌ಬರ್ಗ್, ನೋಟ್ರ ಡೇಮ್ 2013ರಲ್ಲಿ, ಲೂಯಿವಿಲ್ 2014ರಲ್ಲಿ ಬಂದವು. 2014ರಲ್ಲೇ ಮೇರಿಲ್ಯಾಂಡ್ ಬಿಗ್ ಟೆನ್ ಕಾನ್ಫರೆನ್ಸ್‌ಗೆ ಹೋಯಿತು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಮತ್ತು ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) 2024ರಲ್ಲಿ ಸೇರಿದ ಮೇಲೆ ಸಂಖ್ಯೆ 15. ಫ್ಲಾರಿಡಾ ಸ್ಟೇಟ್, ಮಯಾಮಿ, ಜಾರ್ಜಿಯಾ ಟೆಕ್ ಎಸಿಸಿಯಲ್ಲಿದ್ದರೂ ಪುರುಷರ ಸಾಕರ್ ಆಡುವುದಿಲ್ಲ. ವಿಶ್ವವಿದ್ಯಾಲಯಗಳ ದಾಖಲೆ ಪುಸ್ತಕಗಳು ಒಟ್ಟು ಕಾನ್ಫರೆನ್ಸ್ ಪ್ರಶಸ್ತಿಗಳನ್ನು ಕೂಡಿಸಿ ಹೇಳಿದಾಗ ಎಚ್ಚರ ಬೇಕು: ಮೇರಿಲ್ಯಾಂಡ್‌ನ ಮೊತ್ತದಲ್ಲಿ ಬಿಗ್ ಟೆನ್‌ನದೂ ಸೇರಿರಬಹುದು, ನೋಟ್ರ ಡೇಮ್‌ನದರಲ್ಲಿ ಅದು ಮೊದಲಿದ್ದ ಬಿಗ್ ಈಸ್ಟ್ ಕಾನ್ಫರೆನ್ಸ್‌ನದು. ಹೆಸರಿನ ಗೊಂದಲವೂ ಉಂಟು. ನಾರ್ತ್ ಕ್ಯಾರೊಲಿನಾ ಮತ್ತು ಎನ್.ಸಿ. ಸ್ಟೇಟ್ ಎರಡು ಬೇರೆ ವಿಶ್ವವಿದ್ಯಾಲಯಗಳು. ವರ್ಜೀನಿಯಾ ಮತ್ತು ವರ್ಜೀನಿಯಾ ಟೆಕ್ ಕೂಡ.

ಮೂಲಗಳನ್ನು ನೋಡುವಾಗ ಕಾನ್ಫರೆನ್ಸ್‌ನ ದಾಖಲೆ ಪುಸ್ತಕ, ಎರಡೂ ತಂಡಗಳ ದಾಖಲೆ, ಪಂದ್ಯದ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ಮೂರೂ ಹೊಂದಬೇಕು. ಹಳೆಯ ವರ್ಷಗಳಿಗೆ ವಿದ್ಯಾರ್ಥಿ ಪತ್ರಿಕೆಗಳು ಚಿನ್ನದಂಥವು. ನಾರ್ತ್ ಕ್ಯಾರೊಲಿನಾದ ಡೇಲಿ ಟಾರ್ ಹೀಲ್, ಡ್ಯೂಕ್‌ನ ಕ್ರಾನಿಕಲ್‌ಗಳ ಹಳೆಯ ಸಂಚಿಕೆಗಳು ಸ್ಕ್ಯಾನ್ ಆಗಿವೆ. ಫೈನಲ್ ಭಾನುವಾರವಾಗಿದ್ದರೆ ಸೋಮವಾರದ ಸಂಚಿಕೆ ತೆಗೆಯಿರಿ. ಸೋತ ತಂಡದ ಊರಿನ ವರದಿಯನ್ನು ಕಡ್ಡಾಯವಾಗಿ ಓದಿ. ಗೋಲು ಬಿದ್ದ ನಿಮಿಷ, ಕೆಂಪು ಕಾರ್ಡ್, ಗಾಯಾಳುಗಳ ವಿವರ ಗೆದ್ದವರ ಸಂಭ್ರಮದ ವರದಿಗಿಂತ ಅಲ್ಲಿ ಹೆಚ್ಚು ಸಿಗುತ್ತದೆ.

ಪ್ರತಿ ಸಾಲು ಮುಗಿದ ಮೇಲೆ ಮೂರು ಲೆಕ್ಕ ಹಾಕಿ. ನೇರ ನಾಕೌಟ್‌ನಲ್ಲಿ ಪಂದ್ಯಗಳು ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ: ಏಳು ತಂಡಕ್ಕೆ ಆರು ಪಂದ್ಯ, ಒಂದು ಬೈ, 15 ತಂಡಕ್ಕೆ 14 ಪಂದ್ಯ, ಒಂದು ಬೈ. ಸೋತು ಹೊರಬಿದ್ದವರು ಮತ್ತು ಪೆನಾಲ್ಟಿಯಲ್ಲಿ ಹೊರಬಿದ್ದವರು ಸೇರಿದರೂ ಅದೇ ಸಂಖ್ಯೆ ಬರಬೇಕು. ಎಲ್ಲ ತಂಡಗಳು ಹೊಡೆದ ಗೋಲುಗಳ ಮೊತ್ತ, ಬಿಟ್ಟುಕೊಟ್ಟ ಗೋಲುಗಳ ಮೊತ್ತ ಸಮ ಇರಬೇಕು. ಶೂಟೌಟ್ ಗೋಲು ಇದರಲ್ಲಿ ಬರುವುದಿಲ್ಲ. ಲೆಕ್ಕ ತಪ್ಪಿದರೆ ಮೊದಲು ಪೆನಾಲ್ಟಿ ಪಂದ್ಯಗಳನ್ನು ತೆರೆದು ನೋಡಿ, ಆಮೇಲೆ ಬೈ ಪಡೆದ ತಂಡವನ್ನು.